ಕಾಗದದ ಸೂಕ್ಷ್ಮದರ್ಶಕ, ಅಜ್ಜಿಯ ಹೆಪ್ಪು: ಫೋಲ್ಡ್‌ಸ್ಕೋಪ್ ಬಳಸಿದ ಒಂದು ವರ್ಷ

ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ನಾನು ತರಿಸಿಕೊಂಡದ್ದು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ, ಸಸ್ಯಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಬಹುದೆಂಬ ಲೆಕ್ಕಾಚಾರದಿಂದ. ನಮ್ಮ ಪ್ರಯೋಗಾಲಯದಲ್ಲಿ ಸರಿಯಾಗಿ ಕೆಲಸ ಮಾಡುವ ಸೂಕ್ಷ್ಮದರ್ಶಕಗಳು ನಾಲ್ಕೇ ಇದ್ದುದರಿಂದ, ಸರದಿ ಬರುವಷ್ಟರಲ್ಲಿ ಈರುಳ್ಳಿಯ ಸಿಪ್ಪೆ ಒಣಗಿಹೋಗಿರುತ್ತಿತ್ತು. ಗೆಳತಿಯರು ಕೆಲವರು ಸೇರಿ ಒಟ್ಟಿಗೆ ತರಿಸಿದ್ದರಿಂದ ತಲೆಗೆ ಬಿದ್ದ ಹಣ ಹೋಟೆಲಿನಲ್ಲಿ ಇಬ್ಬರು ತಿಂಡಿ ತಿಂದಷ್ಟೇ ಆಯಿತು. ಒಂದು ವರ್ಷ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇದರಲ್ಲಿ ಮಸೂರದ ಮಾತಿನಷ್ಟೇ ದೇವರ ಮಾತೂ ಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಈ ಉಪಕರಣವನ್ನು ನಾನು ಹೆಚ್ಚಾಗಿ ಬಳಸಿದ್ದು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ, ಎರಡು ಹೊತ್ತೂ ದೇವರಿಗೆ ದೀಪ ಹಚ್ಚುವ ಅಜ್ಜಿಯ ಕಣ್ಣೆದುರಿಗೆ. ಜೀವದ ಬಗ್ಗೆ ನನ್ನ ಪಠ್ಯ ಹೇಳುವುದನ್ನೂ ಜೀವ ಕೊಟ್ಟವನ ಬಗ್ಗೆ ಅಜ್ಜಿ ಹೇಳುವುದನ್ನೂ ಒಂದೇ ಜಗಲಿಯಲ್ಲಿ ಕುಳಿತು ಕೇಳಬೇಕಾಗಿ ಬಂದದ್ದು ಇದರಿಂದಾಗಿ.

ಮೊದಲು ವಸ್ತುವಿನ ವಿಚಾರ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ ಇದನ್ನು ರೂಪಿಸಿದರು. ರಚನೆಯ ವಿವರಗಳಿರುವ ಸಂಶೋಧನಾ ಲೇಖನ 2014ರಲ್ಲಿ ಪ್ರಕಟವಾಯಿತು. ಮನು ಪ್ರಕಾಶ್ ಮೀರತ್‌ನಲ್ಲಿ ಹುಟ್ಟಿ ಕಾನ್ಪುರದ ಐಐಟಿಯಲ್ಲಿ ಓದಿದವರು. ಬಿಡಿಭಾಗಗಳ ಖರ್ಚು ಒಂದು ಡಾಲರಿನೊಳಗೆ ಮುಗಿಯಬೇಕು, ವಿದ್ಯುತ್ ಬೇಕಾಗಬಾರದು, ಕೈತಪ್ಪಿ ಬಿದ್ದರೆ ಒಡೆಯಬಾರದು ಎಂಬ ಗುರಿಯಿಟ್ಟುಕೊಂಡು ಮಾಡಿದ್ದರಿಂದ ಇದರ ರೂಪ ನಾವು ಕಂಡ ಸೂಕ್ಷ್ಮದರ್ಶಕಗಳಿಗೆ ಸ್ವಲ್ಪವೂ ಹೋಲುವುದಿಲ್ಲ. ನೀರು ತಾಗಿದರೂ ತಡೆದುಕೊಳ್ಳುವ ಗಟ್ಟಿ ಕಾಗದದ ಹಾಳೆಯಲ್ಲಿ ಕತ್ತರಿಸಿಟ್ಟ ಭಾಗಗಳನ್ನು ಬಿಡಿಸಿಕೊಂಡು, ಗೆರೆಗಳ ಮೇಲೆ ಮಡಿಚಿ, ಒಂದರೊಳಗೊಂದನ್ನು ತೂರಿಸಿ, ಪುಟ್ಟ ಮಸೂರವನ್ನು ಅದರ ಜಾಗದಲ್ಲಿ ಕೂರಿಸಿದರೆ ಆಯಿತು. ದೊಡ್ಡದಾಗಿ ಕಾಣುವುದು 140 ಪಟ್ಟು. ಬಿಡಿಬಿಡಿಯಾಗಿ ಗುರುತಿಸಬಹುದಾದ ಅತಿ ಸಣ್ಣ ಅಂತರ 2 ಮೈಕ್ರಾನ್, ಅಂದರೆ ಮಿಲಿಮೀಟರಿನ ಐನೂರನೆಯ ಒಂದು ಭಾಗ. ಈ ಎರಡನೆಯ ಅಂಕಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ತಕರಾರೆಲ್ಲ ಅದರ ಸುತ್ತಲೇ ಇದೆ.

ಒಂದೇ ಮಸೂರದ ಈ ಉಪಾಯ ಹೊಸದೇನಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1670ರ ದಶಕದಲ್ಲಿ ತಾನೇ ತಯಾರಿಸಿದ ಒಂಟಿ ಮಸೂರವನ್ನು ಕಣ್ಣಿಗೆ ಹಿಡಿದು ಕೆರೆಯ ನೀರಿನಲ್ಲಿ ಓಡಾಡುವ ಜೀವಿಗಳನ್ನು ಕಂಡ. ಮುಂದೆ ಹಲ್ಲಿನ ಕೊಳೆಯಲ್ಲೂ ಅಂಥವನ್ನೇ ಕಂಡು ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಪತ್ರ ಬರೆದ. ಆತ ದೈವಭಕ್ತ. ಕಂಡದ್ದೆಲ್ಲ ಸೃಷ್ಟಿಕರ್ತನ ಕೈಚಳಕವೆಂದೇ ಅವನ ನಂಬಿಕೆಯಾಗಿತ್ತು. ಅದೇ ದೃಶ್ಯದಿಂದ ಹೊರಟ ವಿಜ್ಞಾನ ಮುಂದಿನ ಇನ್ನೂರು ವರ್ಷಗಳಲ್ಲಿ ಆ ಕೈಚಳಕದ ಮಾತನ್ನೇ ಎತ್ತದೆ ಜೀವವನ್ನು ವಿವರಿಸಲು ಕಲಿತದ್ದು ಬೇರೆ ಕತೆ.

ಜೋಡಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಮಡಿಕೆಗಳನ್ನು ಉಗುರಿನಿಂದ ಚೆನ್ನಾಗಿ ತೀಡದಿದ್ದರೆ ನೋಡಬೇಕಾದ ವಸ್ತುವನ್ನು ಇಡುವ ಪಟ್ಟಿ ಜಾರುವುದಿಲ್ಲ. ಕಣ್ಣಿನ ಹತ್ತಿರಕ್ಕೆ ಹಿಡಿದು ಬೆಳಕಿನತ್ತ ಮುಖಮಾಡಿ, ಎರಡೂ ಹೆಬ್ಬೆರಳುಗಳಿಂದ ಕಾಗದವನ್ನು ಅಕ್ಕಪಕ್ಕಕ್ಕೆ ಸರಿಸುತ್ತ ಸ್ಪಷ್ಟತೆ ತಂದುಕೊಳ್ಳಬೇಕು. ಮೊದಲ ವಾರ ನನಗೆ ಕಂಡದ್ದು ಬಹುಪಾಲು ನನ್ನದೇ ರೆಪ್ಪೆಗೂದಲು. ನೇರವಾಗಿ ಸೂರ್ಯನನ್ನು ನೋಡುವ ತಪ್ಪನ್ನು ಯಾರೂ ಮಾಡಬಾರದು. ಜೊತೆಗೆ ಬರುವ ಅಯಸ್ಕಾಂತದ ಬಿಲ್ಲೆಯಿಂದ ಇದನ್ನು ಮೊಬೈಲಿನ ಕ್ಯಾಮೆರಾಕ್ಕೆ ಅಂಟಿಸಬಹುದು, ಹಾಗೆ ಮಾಡಿದಾಗಲೇ ಇನ್ನೊಬ್ಬರೊಡನೆ ಕುಳಿತು ನೋಡಲು ಸಾಧ್ಯವಾಗುವುದು. ಅಜ್ಜಿ ನೋಡಿದ್ದು ಹೀಗೆಯೇ, ಏಕೆಂದರೆ ಮಡಿಯಲ್ಲಿರುವಾಗ ಅವರು ಇದನ್ನು ಮುಟ್ಟುವುದಿಲ್ಲ.

ನಾನು ನೋಡಿದ ಮೊದಲ ವಸ್ತುಗಳು ದೇವರ ಕೋಣೆಯಿಂದ ಹೊರಬಿದ್ದ ನಿರ್ಮಾಲ್ಯದಿಂದ ಬಂದವು. ಪೂಜೆಗೆಂದು ಕೊಯ್ದ ಹೂವನ್ನು ಕೊಡುವ ಪ್ರಶ್ನೆಯೇ ಇರಲಿಲ್ಲ. ದ್ವಾದಶಿಯ ದಿನ ತುಳಸಿಯನ್ನು ಕೀಳುವ ಹಾಗೂ ಇರಲಿಲ್ಲ. ಬಾಡಿದ ಕೆಂಪು ದಾಸವಾಳದ ಕೇಸರದಿಂದ ಪರಾಗವನ್ನು ಪಟ್ಟಿಯ ಮೇಲೆ ಉದುರಿಸಿ ನೋಡಿದಾಗ, ಒಂದೊಂದು ಕಣವೂ ಮೈತುಂಬ ಮುಳ್ಳೆದ್ದ ಗುಂಡಾಗಿ, ಥೇಟ್ ಕದಂಬದ ಹೂವಿನಂತೆ ಕಂಡಿತು. ಈ ಉಪಕರಣಕ್ಕೆ ದಾಸವಾಳದ ಪರಾಗ ಹೇಳಿ ಮಾಡಿಸಿದ ವಸ್ತು; ಕಣ ದೊಡ್ಡದಾದ್ದರಿಂದ ಹೊಸಬರಿಗೂ ಮೊದಲ ಯತ್ನದಲ್ಲೇ ದಕ್ಕುತ್ತದೆ. ಮೊಬೈಲಿನಲ್ಲಿ ಅದನ್ನು ತೋರಿಸಿದಾಗ ಅಜ್ಜಿ ಎರಡು ನಿಮಿಷ ಸುಮ್ಮನಿದ್ದು, “ಅಣುರೇಣುತೃಣಕಾಷ್ಠ ಅಂತ ಹೇಳುವಾಗ ರೇಣು ಅಂದರೆ ಇದೇ ಅಲ್ಲನಾ” ಎಂದರು. ಪ್ರಹ್ಲಾದನ ಕತೆಯಲ್ಲಿ ನೂರು ಸಲ ಕೇಳಿದ ಆ ಪದಕ್ಕೆ ಒಂದು ಆಕಾರವಿದೆ ಎಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಮುಳ್ಳು ಯಾಕೆ ಎಂದು ಅವರೇ ಕೇಳಿದರು. ಹೂವಿಗೆ ಬರುವ ಹಕ್ಕಿ ಮತ್ತು ಕೀಟಗಳ ಮೈಗೆ ಅಂಟಿಕೊಂಡು ಸಾಗಲು ಅನುಕೂಲವಾಗುವ ಕಣಗಳು ಹೆಚ್ಚು ಬೀಜ ಕಟ್ಟಿ, ತಲೆಮಾರುಗಳ ಮೇಲೆ ತಲೆಮಾರು ಉಳಿದುಬಂದವು ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಅವರು ಅದನ್ನು ಒಪ್ಪಿದರು. ಆದರೆ ಅದರಿಂದ ಅವರ ದೇವರಿಗೆ ಏನೂ ಆದಂತೆ ಕಾಣಲಿಲ್ಲ.

ತುಳಸಿಯ ಎಲೆ ದಪ್ಪವಾದ್ದರಿಂದ ಬೆಳಕು ದಾಟುವುದಿಲ್ಲ. ಎಲೆಯ ಅಡಿಗೆ ಉಗುರುಬಣ್ಣ ಬಳಿದು, ಒಣಗಿದ ಮೇಲೆ ಅಂಟುಪಟ್ಟಿಯಿಂದ ಎಬ್ಬಿಸಿ ತೆಗೆದ ಅಚ್ಚಿನಲ್ಲಿ ಎಲೆ ಉಸಿರಾಡುವ ಪತ್ರರಂಧ್ರಗಳು ಅಲ್ಲಲ್ಲಿ ಚದುರಿ ಬಾಯಿಬಿಟ್ಟು ಕಂಡವು. ಉಗುರುಬಣ್ಣ ಬಳಿದ ತುಳಸಿಯನ್ನು ಕಂಡು ಅಜ್ಜಿ ಮುನಿಸಿಕೊಂಡದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಎಳೆಯ ಎಲೆಯ ಅಂಚಿನಲ್ಲಿ ಪರಿಮಳದ ಎಣ್ಣೆ ತುಂಬಿದ ಗ್ರಂಥಿಗಳೂ ಮಸುಕಾಗಿ ಕಾಣುತ್ತವೆ.

ನೀರಿನ ವಿಷಯಕ್ಕೆ ಬಂದಾಗ ಮಾತ್ರ ನಾನು ಹಿಂಜರಿದೆ. ಎಳ್ಳಮಾವಾಸ್ಯೆಯಂದು ತೀರ್ಥಹಳ್ಳಿಯಲ್ಲಿ ಸಾವಿರಾರು ಜನ ಮುಳುಗು ಹಾಕುವ ತುಂಗೆಯ ನೀರನ್ನು, ಅಜ್ಜಿ ತಂಬಿಗೆಯಲ್ಲಿ ತುಂಬಿ ತಂದು ವರ್ಷವಿಡೀ ಇಟ್ಟುಕೊಳ್ಳುವ ಆ ನೀರನ್ನು ನೋಡುವುದೇ ಬೇಡವೇ? ಮೊದಲು ತೋಟದ ಕೆರೆಯ ನೀರನ್ನು ನೋಡಿದೆ. ಸ್ಪೈರೋಗೈರಾ ಪಾಚಿಯ ಗಾಜಿನ ಕೊಳವೆಯಂಥ ಕೋಶಗಳೊಳಗೆ ಹಸಿರು ಪಟ್ಟಿ ಸುರುಳಿ ಸುತ್ತಿತ್ತು. ಚಪ್ಪಲಿಯಾಕಾರದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿ ಮೈಯ ರೋಮಗಳನ್ನು ಅಲುಗಿಸುತ್ತ ದೃಶ್ಯದ ಅಂಚಿನಿಂದ ಅಂಚಿಗೆ ಓಡುತ್ತಿತ್ತು. ಕಾಗದವನ್ನು ಸರಿಸಿ ಅದನ್ನು ಹಿಂಬಾಲಿಸುವುದು ಕಲಿತ ಕೈಗೂ ಕಷ್ಟ. ಹತ್ತಿಯ ನಾಲ್ಕು ಎಳೆಗಳನ್ನು ಹನಿಯಲ್ಲಿ ಇಟ್ಟರೆ ಅದರ ಓಟಕ್ಕೆ ಅಡ್ಡಿಯಾಗಿ ನೋಡಲು ಸಿಗುತ್ತದೆ. ಆಮೇಲೆ ಹೊಳೆಯಿಂದ ಹೊಸದಾಗಿ ತಂದ ನೀರು. ಅದರಲ್ಲೂ ಜೀವಿಗಳಿದ್ದವು, ಇರಲೇಬೇಕು. ನಾನು ಅಳುಕುತ್ತ ತೋರಿಸಿದರೆ ಅಜ್ಜಿ ನಕ್ಕರು. “ಹೊಳೆ ಅಂದಮೇಲೆ ಮೀನು ಇರ್ತದೆ, ಆಮೆ ಇರ್ತದೆ. ಸಣ್ಣವು ಇರಬಾರದು ಅಂತ ಯಾರು ಹೇಳಿದ್ದು ಮಾರಾಯ್ತಿ?” ಪವಿತ್ರವೆಂದರೆ ಜೀವವಿಲ್ಲದ್ದು ಎಂದು ಭಾವಿಸಿದ್ದವಳು ನಾನೇ; ಪವಿತ್ರತೆಗೂ ಕ್ರಿಮಿರಹಿತ ಸ್ಥಿತಿಗೂ ಗಂಟುಹಾಕಿದ್ದು ನನ್ನ ಪಠ್ಯಪುಸ್ತಕದ ಬುದ್ಧಿ. ಆದರೆ ಅಲ್ಲಿಗೇ ಬಿಟ್ಟುಬಿಡುವಂತೆಯೂ ಇರಲಿಲ್ಲ. ಕುಡಿಯುವ ತೀರ್ಥಕ್ಕೆ ಕುದಿಸಿ ಆರಿಸಿದ ನೀರನ್ನೇ ಬಳಸಬೇಕೆಂದು ಹಟ ಹಿಡಿದೆ. ಒಂದು ವಾರದ ಚರ್ಚೆಯ ನಂತರ ಅದು ನಮ್ಮ ಮನೆಯಲ್ಲಿ ಜಾರಿಗೆ ಬಂದಿದೆ.

ಉಪಕರಣದ ಮಿತಿ ನನಗೆ ಅರ್ಥವಾದದ್ದು ಮೊಸರಿನಲ್ಲಿ. ಹಾಲು ಮೊಸರಾಗುವುದು ಬ್ಯಾಕ್ಟೀರಿಯಾಗಳಿಂದ ಎಂದು ಅಜ್ಜಿಗೆ ದೊಡ್ಡದಾಗಿ ಹೇಳಿ, ತೋರಿಸುತ್ತೇನೆಂದು ಒಂದು ತೊಟ್ಟನ್ನು ನೀರಿನಲ್ಲಿ ಕದಡಿ ಹಚ್ಚಿದೆ. ಕೊಬ್ಬಿನ ಗುಂಡುಗಳು ಕಂಡವು, ಗಟ್ಟಿಯಾದ ಹಾಲಿನ ಮುದ್ದೆಗಳು ಕಂಡವು. ಬ್ಯಾಕ್ಟೀರಿಯಾ ಎಂದು ಬೆರಳಿಟ್ಟು ತೋರಿಸಬಹುದಾದ ಒಂದೂ ಕಾಣಲಿಲ್ಲ. ಕಾಣುವುದೂ ಇಲ್ಲ. ಅವುಗಳ ಅಗಲ ಒಂದು ಮೈಕ್ರಾನಿನ ಆಸುಪಾಸು, ನನ್ನ ಕೈಯಲ್ಲಿದ್ದ ಕಾಗದದ ಗಡಿ ಎರಡು ಮೈಕ್ರಾನ್. ಅಜ್ಜಿ ಬಿಡುವವರೇ? “ಕಾಣಲಿಲ್ಲ ಅಂದರೆ ಇಲ್ಲ ಅಂತನಾ? ದೇವರೂ ಹಾಗೇ” ಎಂದು ಎದ್ದು ಹೋದರು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಮೂರು ಬಟ್ಟಲುಗಳನ್ನು ತೆಗೆದುಕೊಂಡು ಕಾಯಿಸಿ ಆರಿಸಿದ ಹಾಲನ್ನು ಸಮನಾಗಿ ಹಾಕಿ, ಒಂದಕ್ಕೆ ಹೆಪ್ಪು, ಇನ್ನೊಂದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ಹೆಪ್ಪು ಬಿಟ್ಟು, ಮೂರನೆಯದಕ್ಕೆ ಏನನ್ನೂ ಬಿಡದೆ ರಾತ್ರಿ ಮುಚ್ಚಿಟ್ಟೆ. ಬೆಳಿಗ್ಗೆ ಮೊದಲನೆಯದು ಮಾತ್ರ ಮೊಸರಾಗಿತ್ತು. ಹೆಪ್ಪಿನಲ್ಲಿ ಬಿಸಿಗೆ ಸಾಯುವ ಏನೋ ಇದೆ ಎಂಬುದು ಕಣ್ಣಿಗೆ ಕಾಣದೆಯೂ ಖಚಿತವಾಯಿತು. ಆಮೇಲೆ ಅದೇ ಹೆಪ್ಪನ್ನು ಸಣ್ಣ ಶೀಷೆಯಲ್ಲಿ ಕಾಲೇಜಿಗೆ ಒಯ್ದು, ಗಾಜಿನ ಮೇಲೆ ಸವರಿ, ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಬಳಸುವ ಗ್ರಾಂ ಎಂಬ ವಿಧಾನದಲ್ಲಿ ಬಣ್ಣ ಹಾಕಿ, ಎಣ್ಣೆ ಹಚ್ಚಿ ನೋಡುವ ಮಸೂರದಲ್ಲಿ 1000 ಪಟ್ಟು ದೊಡ್ಡದಾಗಿಸಿದಾಗ, ನೇರಳೆ ಬಣ್ಣದ ಕಡ್ಡಿಗಳೂ ಮಣಿಸರದಂತೆ ಪೋಣಿಸಿಕೊಂಡ ಗುಂಡುಗಳೂ ತುಂಬಿಕೊಂಡಿದ್ದವು. ಚಿತ್ರ ತೆಗೆದು ತಂದೆ. ಕಾಣದ್ದರ ಬಗ್ಗೆ ವಿಜ್ಞಾನ ಆಡುವ ಮಾತಿಗೂ ಅಜ್ಜಿಯ ಮಾತಿಗೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಇಲ್ಲಿ. ನನ್ನ ಮಾತು ಸೋಲಬಹುದಿತ್ತು. ಎರಡನೆಯ ಬಟ್ಟಲಿನ ಹಾಲೂ ಮೊಸರಾಗಿದ್ದರೆ ನಾನು ಹೇಳಿದ್ದು ಸುಳ್ಳಾಗುತ್ತಿತ್ತು. ಅಜ್ಜಿಯ ದೇವರಿಗೆ ಅಂಥ ಬಟ್ಟಲಿಲ್ಲ. ಅದನ್ನು ಹೇಳಿದಾಗ, “ಪರೀಕ್ಷೆಗೆ ಅಂತ ಅಲ್ಲ ನಾನು ದೀಪ ಹಚ್ಚೋದು” ಎಂದರು. ಅದು ನುಣುಚಿಕೊಳ್ಳುವ ಮಾತೆಂದು ಆಗ ಅನ್ನಿಸಿತ್ತು, ಈಗ ಅನ್ನಿಸುವುದಿಲ್ಲ. ಗಾಳಿಯಿಂದ ವಿಭೂತಿ ಬರುತ್ತದೆ, ಮಂತ್ರಿಸಿದ ನೀರಿನಿಂದ ರೋಗ ವಾಸಿಯಾಗುತ್ತದೆ ಎನ್ನುವವರು ಬಟ್ಟಲಿನಲ್ಲಿಡಬಹುದಾದ ಮಾತನ್ನೇ ಆಡುತ್ತಿರುತ್ತಾರೆ, ಅವರನ್ನು ಪರೀಕ್ಷೆಗೆ ಕರೆಯಲೇಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದು ಅದಕ್ಕಾಗಿಯೇ. ಸಂಜೆ ದೀಪ ಹಚ್ಚಿ ಐದು ನಿಮಿಷ ಕಣ್ಣು ಮುಚ್ಚುವ ಮುದುಕಿ ಲೋಕದ ಮೇಲೆ ಅಂಥ ಯಾವ ಹಕ್ಕನ್ನೂ ಸಾಧಿಸುತ್ತಿರುವುದಿಲ್ಲ.

ನೇರಳೆ ಬಣ್ಣದ ಚಿತ್ರವನ್ನು ಬಹಳ ಹೊತ್ತು ನೋಡಿದ ಮೇಲೆ ಅಜ್ಜಿ ಕೇಳಿದ ಪ್ರಶ್ನೆಗೆ ನನ್ನ ಯಾವ ಪರೀಕ್ಷೆಯಲ್ಲೂ ಅಂಕವಿರಲಿಲ್ಲ. ಇವತ್ತಿನ ಹಾಲಿಗೆ ನಿನ್ನೆಯ ಮೊಸರು ಹೆಪ್ಪು, ನಿನ್ನೆಯದಕ್ಕೆ ಮೊನ್ನೆಯದು. ಹಾಗಾದರೆ ಮೊಟ್ಟಮೊದಲ ಹೆಪ್ಪು ಹಾಕಿದ್ದು ಯಾರು? ಜೀವದಿಂದಲೇ ಜೀವ ಬರುತ್ತದೆ ಎಂಬುದನ್ನು 1860ರ ಸುಮಾರಿಗೆ ಲೂಯಿ ಪಾಶ್ಚರ್ ಹಂಸದ ಕತ್ತಿನಂತೆ ಬಾಗಿದ ಗಾಜಿನ ಹೂಜಿಗಳಲ್ಲಿ ತೋರಿಸಿಕೊಟ್ಟ ಮೇಲೆ, ಇದೇ ಪ್ರಶ್ನೆ ವಿಜ್ಞಾನಿಗಳಿಗೂ ಎದುರಾಯಿತು. ಹೆಪ್ಪು ಇಲ್ಲದಾಗ ಹಸಿಮೆಣಸಿನ ತೊಟ್ಟು ಹಾಕಿ ಮೊಸರು ಮಾಡುವುದುಂಟಲ್ಲ ಎಂದು ನಾನು ತಪ್ಪಿಸಿಕೊಳ್ಳಲು ನೋಡಿದೆ. ತೊಟ್ಟಿನ ಮೇಲೆ ಅವು ಮೊದಲೇ ಕೂತಿರುತ್ತವೆ ಎಂದು ನೀನೇ ಹೇಳಿದ್ದೆಯಲ್ಲ ಎಂದು ಅಜ್ಜಿ ದಾರಿ ಮುಚ್ಚಿದರು.

ಆಗ ಓದಿದ್ದನ್ನೆಲ್ಲ ಮುಂದಿಟ್ಟೆ. ರಷ್ಯದ ಒಪಾರಿನ್ 1924ರಲ್ಲಿ, ಇಂಗ್ಲೆಂಡಿನ ಹಾಲ್ಡೇನ್ 1929ರಲ್ಲಿ, ಆದಿಕಾಲದ ಭೂಮಿಯ ನೀರಿನಲ್ಲಿ ಸರಳ ರಾಸಾಯನಿಕಗಳು ಕೂಡಿಕೊಂಡು ಜೀವಕ್ಕೆ ಬೇಕಾದ ಸಾಮಗ್ರಿ ತಾನಾಗಿ ತಯಾರಾಗಿರಬಹುದೆಂದು ಬೇರೆಬೇರೆಯಾಗಿ ಊಹಿಸಿದರು. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು ಎಂದಾಗ ಅಜ್ಜಿಗೆ ಅವರ ಮೇಲೆ ಸ್ವಲ್ಪ ವಿಶ್ವಾಸ ಬಂತು. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಎಂಬ ವಿದ್ಯಾರ್ಥಿ ಷಿಕಾಗೋದಲ್ಲಿ ತನ್ನ ಗುರು ಯೂರಿಯವರ ಮಾರ್ಗದರ್ಶನದಲ್ಲಿ ಮೀಥೇನ್, ಅಮೋನಿಯಾ, ಜಲಜನಕ, ನೀರಾವಿಗಳನ್ನು ಗಾಜಿನ ಪಾತ್ರೆಯಲ್ಲಿ ಕೂಡಿಹಾಕಿ ಸಿಡಿಲಿನ ಬದಲು ವಿದ್ಯುತ್ ಕಿಡಿ ಹಾಯಿಸಿದಾಗ, ಕೆಲವೇ ದಿನಗಳಲ್ಲಿ ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳು ಉಂಟಾಗಿದ್ದವು. 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್ ಬಳಿ ಬಿದ್ದ ಉಲ್ಕಾಶಿಲೆಯಲ್ಲೂ ಅವು ಸಿಕ್ಕವು. ಅಮೈನೋ ಆಮ್ಲ ಜೀವವಲ್ಲ. ಇಟ್ಟಿಗೆಯ ರಾಶಿ ಮನೆಯಲ್ಲದಂತೆ. ಆ ಕಾಲದ ಗಾಳಿಯಲ್ಲಿ ಮಿಲ್ಲರ್ ಬಳಸಿದ ಅನಿಲಗಳೇ ಇದ್ದವೇ ಎಂಬುದರ ಬಗ್ಗೆಯೂ ಆಮೇಲೆ ಅನುಮಾನಗಳೆದ್ದವು. ಆದರೂ ದಾರಿಯ ಮೊದಲ ಮೆಟ್ಟಿಲಿಗೆ ಯಾರ ಕೈಯೂ ಬೇಕಾಗಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. ಇತ್ತ ನಮ್ಮ ಪಕ್ಕದ ಚಿತ್ರದುರ್ಗದ ಸೀಮೆಯ ಸುಣ್ಣಕಲ್ಲುಗಳಲ್ಲಿ 250 ಕೋಟಿ ವರ್ಷಗಳಿಗೂ ಹಿಂದಿನ ಸೂಕ್ಷ್ಮಜೀವಿಗಳು ಪದರ ಪದರವಾಗಿ ಬಿಟ್ಟುಹೋದ ಗುರುತುಗಳಿವೆ. ಅಷ್ಟು ಹಳೆಯ ಹೆಪ್ಪು ಅದು. ಆದರೆ ಮೊಟ್ಟಮೊದಲನೆಯದು ಹೇಗೆ ಶುರುವಾಯಿತು ಎಂಬುದಕ್ಕೆ ಇನ್ನೂ ಪೂರ್ತಿ ಉತ್ತರವಿಲ್ಲ ಎಂದು ಒಪ್ಪಿಕೊಂಡೆ. ಉತ್ತರವಿಲ್ಲದ ಆ ಜಾಗದಲ್ಲಿ ದೇವರನ್ನು ಕೂರಿಸುತ್ತಾರೆಂದು ಕಾದೆ. ಅಜ್ಜಿ ಹಾಗೆ ಮಾಡಲಿಲ್ಲ. ನಾಳೆ ನೀವು ಯಾರಾದರೂ ಕಂಡುಹಿಡಿದರೆ ಅವನನ್ನು ಅಲ್ಲಿಂದ ಎಬ್ಬಿಸಬೇಕಾಗುತ್ತದಲ್ಲ ಎಂದರು. ಅರ್ಧ ತಮಾಷೆಯಲ್ಲಿ ಹೇಳಿದ್ದಿರಬಹುದು.

ನನಗೆ ಬೇಸರ ತರಿಸಿದವರು ಅಜ್ಜಿಯಂಥ ಭಕ್ತರಿಗೂ ವಿಜ್ಞಾನಿಗಳಿಗೂ ನಡುವೆ ನಿಂತವರು, ಅಂದರೆ ನಂಬಿಕೆಗೆ ವಿಜ್ಞಾನದ ಮೊಹರು ಒತ್ತಿಸಿಕೊಡುವವರು. ತುಳಸಿಯ ಚಿತ್ರವನ್ನು ಬಂಧುಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಕೂಡಲೇ, ತುಳಸಿ ರಾತ್ರಿಯೂ ಆಮ್ಲಜನಕ ಬಿಡುತ್ತದೆ ಎಂಬ ಸಂದೇಶ ಬಂತು. ಬೆಳಕಿಲ್ಲದೆ ದ್ಯುತಿಸಂಶ್ಲೇಷಣೆ ನಡೆಯುವುದಿಲ್ಲ. ರಾತ್ರಿ ತುಳಸಿಯೂ ನಮ್ಮಂತೆ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನೇ ಬಿಡುತ್ತದೆ. ದಶಾವತಾರವೇ ಡಾರ್ವಿನ್ನನ ವಿಕಾಸವಾದ ಎಂಬುದು ಮರುದಿನದ ಸಂದೇಶ. ವಿಕಾಸವೆಂಬುದು ಮೀನಿನಿಂದ ಆಮೆಗೆ, ಆಮೆಯಿಂದ ಹಂದಿಗೆ ಏರುವ ಏಣಿಯಲ್ಲ, ಕವಲೊಡೆಯುತ್ತ ಹೋಗುವ ಮರ. ಇಂದಿನ ಮೀನೂ ನಮ್ಮಷ್ಟೇ ದೂರ ನಡೆದು ಬಂದಿದೆ. ಹೀಗೆ ಬರೆದದ್ದಕ್ಕೆ ನನ್ನನ್ನು ನಾಸ್ತಿಕಳೆಂದು ಕರೆದರು. ಆದರೆ ತುಳಸಿಯನ್ನು ಆಮ್ಲಜನಕದ ಯಂತ್ರವೆಂದು ಪೂಜಿಸುವವರಿಗಿಂತ, ಅದು ತುಳಸಿ ಎಂಬುದಕ್ಕಾಗಿಯೇ ನೀರೆರೆಯುವ ಅಜ್ಜಿಯ ಭಕ್ತಿ ಹೆಚ್ಚು ಗಟ್ಟಿಯಾದದ್ದು ಎಂದು ನನಗನ್ನಿಸುತ್ತದೆ.

ಫೋಲ್ಡ್‌ಸ್ಕೋಪಿನಲ್ಲಿ ನೋಡಲಾಗದ ಇನ್ನೊಂದು ವಸ್ತು ನಮ್ಮ ದೇವರ ಸಂಪುಟದಲ್ಲಿರುವ ಸಾಲಿಗ್ರಾಮ. ಹಿಂದಿನಿಂದ ಬೆಳಕು ತೂರಿಬರಬೇಕಾದ ಉಪಕರಣವಾದ್ದರಿಂದ ಕಲ್ಲು, ನಾಣ್ಯ, ದಪ್ಪ ಕೀಟಗಳೆಲ್ಲ ಬರೀ ಕಪ್ಪು ನೆರಳಾಗಿಬಿಡುತ್ತವೆ. ನೇಪಾಳದ ಗಂಡಕಿಯಿಂದ ಬಂದ ಆ ಕಲ್ಲಿನ ಚಕ್ರವನ್ನು ನಾನು ಸಾಧಾರಣ ಭೂತಗನ್ನಡಿಯಲ್ಲಿ, ಮುಟ್ಟದೆ, ಅಪ್ಪ ಅಭಿಷೇಕ ಮಾಡುವಾಗ ಬಾಗಿ ನೋಡಿದೆ. ಅದು ಅಮೊನೈಟ್ ಎಂಬ ಕಡಲ ಜೀವಿಯ ಸುರುಳಿ ಚಿಪ್ಪಿನ ಪಳೆಯುಳಿಕೆ. ಹಿಮಾಲಯ ಏಳುವ ಮುಂಚೆ ಅಲ್ಲಿ ಟೆಥಿಸ್ ಸಮುದ್ರವಿತ್ತು ಎಂಬುದಕ್ಕೆ ಸಾಕ್ಷಿ. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರುಗಳೊಂದಿಗೆ ಆ ಕುಲವೇ ಅಳಿದುಹೋಯಿತು. ನಮ್ಮ ಮನೆಯಲ್ಲಿ ದಿನವೂ ಅದಕ್ಕೆ ಸ್ನಾನ ಮಾಡಿಸಿ, ತುಳಸಿ ಏರಿಸಿ, ನೈವೇದ್ಯ ತೋರಿಸುತ್ತಾರೆ. ಇದನ್ನು ತಿಳಿದ ದಿನ ನನ್ನ ಕೈ ತಾನಾಗಿ ಮುಗಿಯಿತು. ಅದು ವಿಷ್ಣುವಿಗೋ, ಆ ಅಳಿದ ಜೀವಿಗೋ, ಅಷ್ಟು ಉದ್ದದ ಕಾಲಕ್ಕೋ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಇನ್ನು ಕೊಳ್ಳುವವರಿಗೆ ನಾಲ್ಕು ಮಾತು. ಪ್ರೌಢಶಾಲೆಯ ಮಕ್ಕಳಿಗೆ, ಊರಿನಲ್ಲಿರುವ ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ತೋಚುವುದಿಲ್ಲ. ಪರಾಗ, ಪಾಚಿ, ಏಕಕೋಶ ಜೀವಿಗಳು, ಸೊಳ್ಳೆಯ ರೆಕ್ಕೆ, ಈರುಳ್ಳಿಯ ಕೋಶ, ಇಷ್ಟಕ್ಕೆ ಧಾರಾಳವಾಗಿ ಸಾಕು. ಬ್ಯಾಕ್ಟೀರಿಯಾ ನೋಡುವ ಆಸೆಯಿದ್ದವರು ತರಿಸಬೇಡಿ. ಒಂಟಿ ಮಸೂರದ ಸ್ವಭಾವದಿಂದಾಗಿ ದೃಶ್ಯದ ನಡುಭಾಗ ಸ್ಪಷ್ಟವಾಗಿದ್ದು ಅಂಚು ಮಂಜಾಗಿರುತ್ತದೆ. ಗಾಜಿನ ಪಟ್ಟಿಗಳನ್ನೂ ಬಳಸಬಹುದು, ಆದರೆ ಕಾಗದದ ಪಟ್ಟಿ ಮತ್ತು ಅಂಟುಪಟ್ಟಿಯೇ ಸಲೀಸು. ಕನ್ನಡಕದವರು ಕನ್ನಡಕ ತೆಗೆದು ನೋಡುವುದು ಮೇಲು. ಮಲೆನಾಡಿನ ಮಳೆಗಾಲದಲ್ಲಿ ಕಾಗದ ಹಾಳಾಗದಿದ್ದರೂ ಮಸೂರದ ಮೇಲೆ ಬೂಷ್ಟು ಕೂರುವ ಭಯವಿದೆ. ನನ್ನದನ್ನು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ದೇವರ ಕೋಣೆಯ ಹೊರಗೋಡೆಯ ಗೂಡಿನಲ್ಲಿ ಪಂಚಾಂಗದ ಪಕ್ಕ ಇಟ್ಟಿದ್ದೇನೆ. ಒಳಗೆ ಸದಾ ದೀಪ ಉರಿಯುವುದರಿಂದ ಆಷಾಢದಲ್ಲೂ ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ.